4×2 ಅಡಿ ಜಾಗದಲ್ಲಿ ಮಾಡೆಲ್ ರೈಲು ಲೇಔಟ್: ಎಚ್‌ಒನಾ, ಎನ್ನಾ? ಪ್ಲಾನ್ ನೋಡಿ ಹೇಳಿ

ವಿಜಯನಗರ_ಲೋಕಲ್

ನಮಸ್ಕಾರ. ಬೋರ್ಡಿಗೆ ಸಿಗೋ ಜಾಗ 4 ಅಡಿ × 2 ಅಡಿ, ಅಂದ್ರೆ 1220 × 610 ಮಿ.ಮೀ. ಬಾಡಿಗೆ ಮನೆ, ಗೋಡೆಗೆ ಡ್ರಿಲ್ ಹಾಕೋ ಹಾಗಿಲ್ಲ. ಆಟ ಮುಗಿದ ಮೇಲೆ ದಿವಾನ್ ಕಾಟ್ ಕೆಳಗೆ ತಳ್ಳಬೇಕು, ಅಲ್ಲಿ ಇರೋ ಎತ್ತರ 7 ಇಂಚು. ಮನಸ್ಸಲ್ಲಿರೋದು ಇಷ್ಟು: ಡಬಲ್ ಲೈನ್, ಒಂದು ಸ್ಟೇಷನ್ ಲೂಪ್ (ಪಕ್ಕಕ್ಕೆ ಒಡೆದು ಮತ್ತೆ ಸೇರೋ ಹಳಿ), ಒಂದು ಫ್ಲೈಓವರ್, ವ್ಯಾಪ್-7 ಎಲೆಕ್ಟ್ರಿಕ್ ಲೋಕೋ ಹಿಂದೆ ಐದು ಹೊಸ ಮಾದರಿ ಎಲ್‌ಎಚ್‌ಬಿ ಕೋಚ್. ಆಡೋರು ಏಳು ವರ್ಷದ ಮಗ, ಜೊತೆಗೆ ಅವರಪ್ಪ. ಹಳಿ ಇನ್ನೂ ತಗೊಂಡಿಲ್ಲ. ಎಚ್‌ಒ ತಗೋಬೇಕಾ, ಅದಕ್ಕಿಂತ ಚಿಕ್ಕ ಎನ್ ಸ್ಕೇಲ್ ತಗೋಬೇಕಾ?

ಒಂಬತ್ತು_ಮಿಮೀ

ಹಳಿ ತಗೊಂಡಿಲ್ಲ ಅಂದ್ರಲ್ಲ ಮೇಡಂ, ಒಳ್ಳೇದಾಯ್ತು. ಮೊದಲು ತಿರುವು ಲೆಕ್ಕ ಹಾಕಿ, ಸ್ಕೇಲ್ ಯಾವುದು ಅಂತ ಅದೇ ಹೇಳತ್ತೆ.

ಎಚ್‌ಒ ಅಂದ್ರೆ 1:87, ಹಳಿ ಅಗಲ 16.5 ಮಿ.ಮೀ. ಇದರಲ್ಲಿ ಅಂಗಡಿಯಲ್ಲಿ ಸಿಗೋ ಸಣ್ಣ ರೇಡಿಯಸ್ಸುಗಳಲ್ಲಿ ಒಂದು 371 ಮಿ.ಮೀ. ಪೂರ್ತಿ ಸುತ್ತು ಹಾಕಿದರೆ ಹಳಿ ಮಧ್ಯದಿಂದ ಹಳಿ ಮಧ್ಯಕ್ಕೇ 742 ಆಯ್ತು. ನಿಮ್ಮ ಬೋರ್ಡ್ ಅಗಲ 610. ಎಚ್‌ಒದಲ್ಲಿ ಸುತ್ತು ಹೊಡೆಯೋ ರೈಲು ಈ ಬೋರ್ಡಲ್ಲಿ ಆಗೋ ಮಾತಲ್ಲ.

ಎನ್ ಅಂದ್ರೆ 1:160, ಹಳಿ ಅಗಲ 9 ಮಿ.ಮೀ. ಕಾಟೋ ಕಂಪನಿಯ ಯೂನಿಟ್ರ್ಯಾಕಲ್ಲಿ (ಬೆಡ್ ಸಮೇತ ಬರೋ ಹಳಿ) 249 ರೇಡಿಯಸ್ ತುಂಡು ಇದೆ. ಎರಡು ಪಟ್ಟು ಮಾಡಿದ್ರೆ 498, ಬೆಡ್ ಅಗಲ 25 ಸೇರಿಸಿ 523. ಎರಡೂ ಬದಿ 43 ಮಿ.ಮೀ. ಉಳೀತು. ಸಿಂಗಲ್ ಲೈನ್ ಆರಾಮಾಗಿ ಕೂರತ್ತೆ.

ಡಬಲ್ ಲೈನ್ ಆಸೆಗೆ 282 ರೇಡಿಯಸ್ ಹೊರಗೆ ಹಾಕಿದರೆ ಹಳಿ ಮಧ್ಯದಿಂದ ಬೋರ್ಡ್ ಅಂಚಿಗೆ ಉಳಿಯೋದು 23 ಮಿ.ಮೀ. ಅದರಲ್ಲಿ ತಿರುವಿನಲ್ಲಿ ಕೋಚ್ ಮೂಲೆ 14 ಮಿ.ಮೀ. ತನಕ ಹೊರಗೆ ಚಾಚತ್ತೆ. ರೈಲು ಹಳಿ ತಪ್ಪಿದ್ರೆ ನೇರ ವಿಟ್ರಿಫೈಡ್ ಟೈಲ್ಸ್ ಮೇಲೆ. ಒಳಗಡೆ 216 ಹಾಕಬಹುದು, ಆದರೆ ಆರು ಆಕ್ಸಲ್ ಲೋಕೋಗಳು ಎಷ್ಟೋ ಅದರಲ್ಲಿ ಸಲೀಸಾಗಿ ಓಡಲ್ಲ. ಡಬಲ್ ಲೈನ್ ಬಿಡಿ.

ಇನ್ನು ಎಲ್‌ಎಚ್‌ಬಿ. ನಿಜವಾದ ಕೋಚ್ ಉದ್ದ 23.54 ಮೀಟರ್, ಎನ್‌ನಲ್ಲಿ 147 ಮಿ.ಮೀ. ರೇಡಿಯಸ್ ಕೋಚ್ ಉದ್ದದ ಎರಡೂವರೆ ಪಟ್ಟಾದರೂ ಇದ್ರೆ ಕೋಚ್ ನೆಮ್ಮದಿಯಾಗಿ ತಿರುಗತ್ತೆ, ಮೂರು ಪಟ್ಟಿದ್ರೆ ನೋಡೋಕೂ ಚಂದ. 249 ಅಂದ್ರೆ 1.7 ಪಟ್ಟು ಅಷ್ಟೇ. ಓಡಬಹುದು, ಆದರೆ ಎರಡು ಕೋಚ್ ನಡುವೆ ತ್ರಿಕೋನದ ಹಾಗೆ ಬಾಯಿ ತೆರೆದು ಕಾಣತ್ತೆ. ಕಪ್ಲಿಂಗ್ ಬೋಗಿಗೆ (ಕೆಳಗಿನ ಚಕ್ರದ ಚೌಕಟ್ಟಿಗೆ) ಬದಲು ಕೋಚಿನ ಮೈಗೇ ಕೂರಿಸಿದ ಮಾಡೆಲ್ ಆದರೆ ಪಕ್ಕದ ಕೋಚನ್ನ ಹಳಿಯಿಂದ ಎಳೆದೇ ಹಾಕತ್ತೆ. ಹಳೇ ಐಸಿಎಫ್ ಕೋಚ್ 133 ಮಿ.ಮೀ., ಸ್ವಲ್ಪ ವಾಸಿ. ಬಾಕ್ಸ್‌ಎನ್ ವ್ಯಾಗನ್ ಕಪ್ಲರ್‌ನಿಂದ ಕಪ್ಲರ್‌ಗೆ 10.713 ಮೀಟರ್, ಎನ್‌ನಲ್ಲಿ ಬರೀ 67 ಮಿ.ಮೀ. ಚಿಕ್ಕ ಬೋರ್ಡಿಗೆ ಗೂಡ್ಸ್ ಗಾಡಿನೇ ಹೊಂದೋದು.

ಮಲ್ಲೇಶ್ವರಂ_ಗೂಡ್ಸ್_ಶೆಡ್

ಒಂಬತ್ತು ಅವರ ಲೆಕ್ಕ ಸರಿ, ಆದರೆ ಸುತ್ತು ಹೊಡೀಲೇಬೇಕು ಅಂತ ಯಾರು ಹೇಳಿದ್ದು? ಏಳು ವರ್ಷದ ಕೈಗೆ ಎನ್ ವ್ಯಾಗನ್ ಹಳಿಗೆ ಕೂರಿಸೋದೇ ಒಂದು ಸಾಹಸ. ದಿವಾನ್ ಉದ್ದ 6 ಅಡಿ ಇರತ್ತೆ. 5 ಅಡಿ × 1 ಅಡಿ ಹಲಗೆ ಮೇಲೆ ಎಚ್‌ಒದಲ್ಲೇ ಇಂಗ್ಲ್‌ನೂಕ್ ಮಾಡಬಹುದು.

ಇಂಗ್ಲ್‌ನೂಕ್ ಅಂದ್ರೆ ಎರಡು ಪಾಯಿಂಟ್ (ಹಳಿ ಕವಲೊಡೆಯೋ ತುಂಡು), ಮೂರು ಸೈಡಿಂಗ್ (ಗಾಡಿ ನಿಲ್ಲಿಸೋ ಪಕ್ಕದ ಹಳಿ), ಒಂದು ಶಂಟಿಂಗ್ ನೆಕ್ (ಲೋಕೋ ಹಿಂದೆ ಮುಂದೆ ಓಡಾಡೋ ಹಳಿ). ಒಂದು ಸೈಡಿಂಗಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು, ನೆಕ್‌ನಲ್ಲಿ ಲೋಕೋ ಜೊತೆ ಮೂರು. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದನ್ನ ಅದೇ ಸಾಲಲ್ಲಿ ಜೋಡಿಸಬೇಕು. 8×7×6×5×4 = 6720 ಥರದ ಜೋಡಣೆ ಬರತ್ತೆ, ಆಟ ಮುಗಿಯಲ್ಲ.

ಅಳತೆ: ಎಚ್‌ಒ ಬಾಕ್ಸ್‌ಎನ್ 123 ಮಿ.ಮೀ., ಐದಕ್ಕೆ 615. ಡಬ್ಲ್ಯೂಡಿಎಂ-2 ಡೀಸೆಲ್ ಲೋಕೋ ಸುಮಾರು 197, ಮೂರು ವ್ಯಾಗನ್ ಸೇರಿ ನೆಕ್‌ಗೆ 566. ಸೆಟ್‌ಟ್ರ್ಯಾಕ್ ಪಾಯಿಂಟ್ 168. ಅಲ್ಲಿಗೆ 1349. ಫೌಲಿಂಗ್ ಮಾರ್ಕಿಗೆ (ಪಕ್ಕದ ಹಳಿಯ ಗಾಡಿಗೆ ತಾಗದ ಹಾಗೆ ಬಿಡೋ ಅಂತರ) ಒಂದು 70, ಎರಡೂ ತುದಿಯ ಡೆಡ್ ಎಂಡ್‌ಗೆ ಒಟ್ಟು 80 ಅಂದ್ಕೊಂಡ್ರೂ 1500 ಒಳಗೆ, 5 ಅಡಿಗೆ ಸರಿಯಾಗಿ ಕೂರತ್ತೆ.

ಹಾಗೇ ಒಂದು ಮಾತು: 16.5 × 87 = 1435. ಅದು ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್ ಗೇಜ್ 1676, ಎಚ್‌ಒದಲ್ಲಿ 19.3 ಆಗ್ಬೇಕಿತ್ತು. ಸರಿಯಾದ ಅಳತೇಲಿ ಈ ಹಳಿ ಮೇಲೆ ಕೂರೋದು ಬೆಂಗಳೂರಲ್ಲಿ ನಮ್ಮ ಮೆಟ್ರೋ ಒಂದೇ!

ಫೌಲಿಂಗ್_ಮಾರ್ಕ್

ಇಬ್ಬರಲ್ಲಿ ಒಬ್ಬರನ್ನ ಆರಿಸೋ ಅಗತ್ಯ ಇಲ್ಲ. ಎನ್ ಓವಲ್ ಹೊಟ್ಟೆಯೊಳಗೇ ಆ 5-3-3 ಯಾರ್ಡ್ ಕೂರತ್ತೆ. ಅದಕ್ಕೂ ಮುಂಚೆ ಸ್ಟೇಷನ್ ಲೂಪ್ ವಿಷಯ.

1220 ಉದ್ದದಲ್ಲಿ ಎರಡು ಕಡೆ ತಿರುವು ಕಳೆದು, ಅಂಚು ಬಿಟ್ಟು ಸಿಗೋ ನೇರ ಹಳಿ 620 (248 + 186 + 186). ನಂಬರ್ 6 ಪಾಯಿಂಟ್ (ನಂಬರ್ ದೊಡ್ಡದಾದಷ್ಟು ತಿರುವು ಹಗುರ, ಉದ್ದ ಜಾಸ್ತಿ) ಒಂದು 186. ಲೂಪ್ ಅಂದ್ರೆ ಎರಡು ಪಾಯಿಂಟ್, ಜೊತೆಗೆ ವಾಪಸ್ ಸಮಾನಾಂತರಕ್ಕೆ ತರೋ ಎರಡು ತಿರುವು, ಅವೂ ಹೆಚ್ಚುಕಡಿಮೆ 186. ಒಟ್ಟು 744. ಮಧ್ಯ ಒಂದಿಂಚು ಹಳಿ ಹಾಕದೆಯೂ ಜಾಗ ಸಾಲಲಿಲ್ಲ. ನಂಬರ್ 4 ಪಾಯಿಂಟ್ (126) ಹಾಕಿದ್ರೆ ಒಟ್ಟು 500, ಮಧ್ಯ ಉಳಿಯೋದು 120. ವ್ಯಾಪ್-7 ಒಂದರ ಉದ್ದವೇ 128. ಲೋಕೋನೂ ಹಿಡಿಸದ ಲೂಪ್ ಯಾಕೆ? ಪ್ಲಾನ್ ನೋಡುವಾಗ ಹಳಿ ಎಷ್ಟಿದೆ ಅಂತ ನೋಡಬೇಡಿ, ಕ್ಲಿಯರ್ ಸ್ಟ್ಯಾಂಡಿಂಗ್ ಲೆಂತ್ (ಪಕ್ಕದ ಹಳಿಗೆ ಅಡ್ಡ ಬರದೆ ಗಾಡಿ ನಿಲ್ಲೋ ಉದ್ದ) ಎಷ್ಟಿದೆ ಅಂತ ನೋಡಿ. ನಿಜವಾದ ಯಾರ್ಡಲ್ಲೂ ಕೇಳೋದು ಅದನ್ನೇ.

ಲೂಪ್ ಬೇಕಾಗೋದು ಲೋಕೋನ ರೈಲಿನ ಇನ್ನೊಂದು ತುದಿಗೆ ತರೋಕೆ. ಓವಲ್ ಇದ್ದಾಗ ಅದು ತಾನೇ ಲೂಪು: ವ್ಯಾಗನ್ನುಗಳನ್ನ ಮೇನ್ ಲೈನಲ್ಲಿ ಬಿಟ್ಟು ಲೋಕೋ ಒಂದು ಸುತ್ತು ಹಾಕಿದ್ರೆ ಹಿಂದಿನ ತುದಿಗೆ ಬಂದಿರತ್ತೆ.

ಈಗ ಯಾರ್ಡ್. ಹಿಂದಿನ ನೇರ ಹಳಿಯ ಎಡ ತುದಿಯ 186 ತುಂಡು ತೆಗೆದು ಅಲ್ಲಿ ನಂಬರ್ 6 ರೈಟ್ ಹ್ಯಾಂಡ್ ಪಾಯಿಂಟ್ ಕೂರಿಸಿ, ನಾಲಿಗೆ (ಅಲ್ಲಾಡೋ ಚೂಪು ಹಳಿ) ಎಡಕ್ಕೆ. ಸೈಡಿಂಗ್ ಒಳಕ್ಕೆ 15 ಡಿಗ್ರಿ ಓರೆಯಾಗಿ ಹೋಗತ್ತೆ. ಎಲ್ಲರೂ ಇಲ್ಲೇ ಒಂದು ತಿರುವು ಹಾಕಿ ಮೇನ್ ಲೈನಿಗೆ ಸಮಾನಾಂತರ ಮಾಡ್ತಾರೆ. ಹಾಗೆ ಮಾಡಿದ್ರೆ ಎರಡನೇ ಪಾಯಿಂಟ್ ಆದಮೇಲೆ ಬಲಗಡೆ ತಿರುವಿಗೆ ಡಿಕ್ಕಿ ಆಗೋಕೆ ಮುಂಚೆ ಸಿಗೋದು ಸುಮಾರು 230 ಮಿ.ಮೀ. ಓರೆಯಾಗೇ ಬಿಟ್ಟರೆ ಅದೇ ಜಾಗದಲ್ಲಿ ಸುಮಾರು 530. ಎರಡು ಪಟ್ಟಿಗೂ ಜಾಸ್ತಿ, ಪುಕ್ಕಟೆ.

ಓರೆ ಹಳಿ ಮೇಲೆ ನಂಬರ್ 4 ರೈಟ್ ಹ್ಯಾಂಡ್ ಪಾಯಿಂಟ್ ಎರಡು, ಒಂದರ ಹಿಂದೆ ಒಂದು. ಎರಡರಿಂದಲೂ ಬಲಕ್ಕೆ ಒಡೆಯೋ ಹಳಿಗಳು ತಾವಾಗೇ 33 ಮಿ.ಮೀ. ಅಂತರದಲ್ಲಿ ಸಮಾನಾಂತರ ಆಗ್ತವೆ. ಮೊದಲ ಸೈಡಿಂಗ್‌ಗೆ 248 ಎರಡು. ಉಳಿದೆರಡಕ್ಕೆ 248 + 124 ಒಂದೊಂದು. ಪಾಯಿಂಟ್ ಮುಗಿದು 45 ಮಿ.ಮೀ. ತನಕ ವ್ಯಾಗನ್ ನಿಲ್ಲಿಸಬಾರದು, ಪಕ್ಕದ ಹಳಿಯದಕ್ಕೆ ತಾಗತ್ತೆ. ಅದನ್ನ ಕಳೆದರೂ ಮೊದಲನೇದರಲ್ಲಿ ಐದು ವ್ಯಾಗನ್ (335), ಉಳಿದೆರಡರಲ್ಲಿ ಮೂರು ಮೂರು (201) ಆರಾಮ. ಶಂಟಿಂಗ್ ನೆಕ್ ಬೇರೆ ಬೇಕಿಲ್ಲ, ಮೇನ್ ಲೈನೇ ನೆಕ್.

ನಂಬರ್ 4 ತಗೊಳ್ಳುವಾಗ ನಾಲಿಗೆ ತುದಿ ಪಕ್ಕದ ಹಳಿಗೆ ಒತ್ತಿ ಕೂರತ್ತಾ ಅಂತ ಉಗುರಲ್ಲಿ ಸವರಿ ನೋಡಿ. ಉಗುರಿಗೆ ತಡೆದರೆ ಚಕ್ರಕ್ಕೂ ತಡೆಯತ್ತೆ, ಹಿಂದಕ್ಕೆ ತಳ್ಳುವಾಗ ವ್ಯಾಗನ್ ಅಲ್ಲೇ ಹಳಿ ಹತ್ತತ್ತೆ. ಸಣ್ಣ ಸೂಜಿ ಅರದಿಂದ ನಾಲಿಗೆಯ ಒಳಬದಿ ತುದಿಯನ್ನ ಒಂಚೂರು ತೆಳು ಮಾಡಿದ್ರೆ ಸರಿಹೋಗತ್ತೆ.

ವಿಜಯನಗರ_ಲೋಕಲ್

ಓರೆ ಯಾರ್ಡ್ ವಿಚಾರ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಸರ್. ಎನ್ ಅಂತಲೇ ಇಟ್ಕೊಳ್ತೀನಿ. ಫ್ಲೈಓವರ್‌ಗೆ ಯಾವ ದಾರಿಯೂ ಇಲ್ವಾ? ತಿರುವಿನ ಪಕ್ಕ ಒಂದು ಪ್ಲಾಟ್‌ಫಾರ್ಮ್ ಇಟ್ರೆ ಎಷ್ಟು ದೂರ ಇಡಬೇಕು?

ಒಂಬತ್ತು_ಮಿಮೀ

ಫ್ಲೈಓವರ್: ಕೆಳಗಿನ ರೈಲು ದಾಟೋಕೆ ಹಳಿಯಿಂದ ಹಳಿಗೆ 50 ಮಿ.ಮೀ. ಎತ್ತರ ಬೇಕು. 2 ಶೇಕಡಾ ಏರು ಅಂದ್ರೆ 2.5 ಮೀಟರ್ ಹಳಿ. 4 ಶೇಕಡಾ ಮಾಡಿದ್ರೂ ಏರೋಕೆ 1250, ಇಳಿಯೋಕೆ 1250, ಒಟ್ಟು 2500. ನಿಮ್ಮ ಇಡೀ ಓವಲ್ 2804 (ತಿರುವು 1564, ನೇರ 1240). ಪಾಯಿಂಟನ್ನ ಏರಿನಲ್ಲಿ ಇಡೋ ಹಾಗಿಲ್ಲ, ಏರು ಶುರುವಾಗೋ ಕಡೆ ಒಮ್ಮೆಲೇ ಮಡಚಿದರೆ ಕಪ್ಲಿಂಗ್ ಬಿಟ್ಟುಹೋಗತ್ತೆ. ತಿರುವು ಬೇರೆ ಎಳೆತ ಜಾಸ್ತಿ ಮಾಡತ್ತೆ. ಸೇತುವೆ ನೋಡೋ ಆಸೆ ಇದ್ರೆ ಹಳಿಯನ್ನ ಏರಿಸಬೇಡಿ, ನೆಲವನ್ನ ಇಳಿಸಿ: ಮುಂದಿನ ನೇರ ಹಳಿ ಕೆಳಗೆ ಒಂದು ಅಡಿ ಉದ್ದ ಪ್ಲೈ ಕತ್ತರಿಸಿ, ಒಂದಿಂಚು ಕೆಳಗೆ ಇನ್ನೊಂದು ತುಂಡು ಕೂರಿಸಿ ಹಳ್ಳ ಮಾಡಿ, ಮೇಲೆ ಗರ್ಡರ್ ಸೇತುವೆ. ರೈಲು ಸಮತಟ್ಟಾಗೇ ಓಡತ್ತೆ.

ಪ್ಲಾಟ್‌ಫಾರ್ಮ್: ತಿರುವಿನಲ್ಲಿ ಕೋಚ್ ಮಧ್ಯಭಾಗ ಒಳಕ್ಕೆ ಬರತ್ತೆ, ತುದಿಗಳು ಹೊರಕ್ಕೆ ಹೋಗ್ತವೆ. ಒಳಕ್ಕೆ ಎಷ್ಟು ಅಂದ್ರೆ, ಬೋಗಿ ಕೇಂದ್ರಗಳ ಅಂತರದ ವರ್ಗವನ್ನ ರೇಡಿಯಸ್ಸಿನ ಎಂಟು ಪಟ್ಟಿನಿಂದ ಭಾಗಿಸಿ. ಐಸಿಎಫ್‌ದು 14.783 ಮೀಟರ್, ಎನ್‌ನಲ್ಲಿ 92. 92 × 92 ÷ (8 × 249) = 4.2 ಮಿ.ಮೀ. ಹೊರಕ್ಕೆ: ಕೋಚ್ ಉದ್ದದ ವರ್ಗದಿಂದ ಆ 92ರ ವರ್ಗ ಕಳೆದು ಅದೇ ಸಂಖ್ಯೆಯಿಂದ ಭಾಗಿಸಿ, 4.6. ಕೋಚಿನ ಅರ್ಧ ಅಗಲ 10.1. ಅಂದ್ರೆ ಹೊರಬದಿ ಪ್ಲಾಟ್‌ಫಾರ್ಮ್ ಅಂಚು ಹಳಿ ಮಧ್ಯದಿಂದ 16 ಮಿ.ಮೀ. ಆದ್ರೂ ಇರಬೇಕು. ನೇರ ಹಳಿ ಪಕ್ಕ 12 ಸಾಕು. ಅದಕ್ಕೇ ಪ್ಲಾಟ್‌ಫಾರ್ಮ್ ನೇರದಲ್ಲಿ ಇಡಿ, ತಿರುವಿನಲ್ಲಿ ಆ ಅಂತರ ಕಣ್ಣಿಗೆ ಹೊಡೆಯತ್ತೆ.

ಬಡಗಿ_ಬಸವನಗುಡಿ

ಬೋರ್ಡ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಹಳಿ ಎಷ್ಟೇ ಚೆನ್ನಾಗಿರಲಿ, ಬೋರ್ಡ್ ಸೊಟ್ಟಗಾದ್ರೆ ಕಥೆ ಮುಗೀತು.

9 ಮಿ.ಮೀ. ಬಿಡಬ್ಲ್ಯೂಆರ್ ಪ್ಲೈ ತಗೊಳ್ಳಿ, ಮೇಲೆ ಐಎಸ್ 303 ಮುದ್ರೆ ನೋಡಿ. 8×4 ಹಾಳೆಯಲ್ಲಿ 4×2 ನಾಲ್ಕು ಬರ್ತವೆ, ಕೆಲವು ಅಂಗಡಿಯವರು ಕಾಲು ಹಾಳೆ ಕತ್ತರಿಸಿ ಕೊಡ್ತಾರೆ. ಎಂಡಿಎಫ್ ಬೇಡ, ಮಳೆಗಾಲದಲ್ಲಿ ನೆಲದ ಥಂಡಿ ಹಿಡಿದು ಅಂಚು ಊದ್ಕೊಳ್ಳತ್ತೆ, ನಿಮ್ಮದು ನೆಲಕ್ಕೆ ಹತ್ತಿರ ಇರೋ ಬೋರ್ಡು.

ಕೆಳಗೆ 2×1 ಇಂಚಿನ ರೀಪರ್ (ಮರದ ಪಟ್ಟಿ), 2 ಇಂಚಿನ ಬದಿ ನಿಲ್ಲಿಸಿ. ಉದ್ದಕ್ಕೆ ಎರಡು, ಅಡ್ಡಕ್ಕೆ ನಾಲ್ಕು, ಅಡ್ಡಪಟ್ಟಿಗಳ ನಡುವೆ 15-16 ಇಂಚು. ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದ್ರೆ ಒಣಗಿದ ಪೈನ್ ಆರಿಸಿಕೊಳ್ಳಿ. ಪಟ್ಟಿಯನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿದ್ರೆ ಡೊಂಕು ಗೊತ್ತಾಗತ್ತೆ. ಸೇರುವ ಕಡೆ ಬಿಳಿ ಫೆವಿಕಾಲ್, ಒಂದೂವರೆ ಇಂಚಿನ ಸ್ಕ್ರೂ. ಸ್ಕ್ರೂಗೆ ಮುಂಚೆ ಸಣ್ಣ ತೂತು ಹಾಕದಿದ್ರೆ ರೀಪರ್ ಸೀಳತ್ತೆ. ಫ್ರೇಮ್ ಮಾಡಿ ಅದಕ್ಕೆ ಪ್ಲೈ ಕೂರಿಸೋಕೆ ಮುಂಚೆ ಎರಡು ಕರ್ಣ ಅಳೆಯಿರಿ, ಎರಡೂ ಒಂದೇ ಬರಬೇಕು. ಅಡ್ಡಪಟ್ಟಿಗಳಲ್ಲಿ ವೈರ್ ಹೋಗೋಕೆ ಅರ್ಧ ಇಂಚಿನ ತೂತು ಈಗಲೇ ಹಾಕಿಬಿಡಿ.

ಎತ್ತರ: ರೀಪರ್ 50, ಪ್ಲೈ 9, ಕಾರ್ಕ್ 3, ಹಳಿ 7, ರೈಲು 27, ಒಟ್ಟು 96. ಕೆಳಗೆ 40 ಮಿ.ಮೀ. ಗಾಲಿ ಹಾಕಿದ್ರೂ 136. ನಿಮ್ಮ 7 ಇಂಚು ಅಂದ್ರೆ 178. ಹಾಗಾಗಿ ಪ್ಲೈ ಮೇಲಿಂದ ಕಟ್ಟಡ, ಮರ ಎಲ್ಲ 75 ಮಿ.ಮೀ. ಒಳಗೇ ಇರಲಿ. ಸೇತುವೆ ಹಳ್ಳ ಮಾಡೋದಾದ್ರೆ ಅಲ್ಲಿ ಅಡ್ಡಪಟ್ಟಿ ಬರದ ಹಾಗೆ ಮೊದಲೇ ಗುರುತು ಹಾಕ್ಕೊಳ್ಳಿ.

ಪ್ಲೈ ಮೇಲೆ ನೇರ ಹಳಿ ಹಾಕಿದ್ರೆ ಬೋರ್ಡ್ ತಮಟೆ ಥರ ಬಡಿಯತ್ತೆ, ಕೆಳಗಿನ ಮನೆಯವರು ಮೇಲೆ ಬರ್ತಾರೆ. 3 ಮಿ.ಮೀ. ಕಾರ್ಕ್ ಹಾಳೆ ಇಲ್ಲಾ 5 ಮಿ.ಮೀ. ಇವಿಎ ಫೋಮ್ ಹಾಳೆ ಅಂಟಿಸಿ. ಗುಡ್ಡಕ್ಕೆ ಥರ್ಮಾಕೋಲ್ ಉಪಯೋಗಿಸಿದ್ರೆ ಬಿಳಿ ಗೋಂದೇ ಹಾಕಿ. ಹಳದಿ ರಬ್ಬರ್ ಅಂಟು ಥರ್ಮಾಕೋಲನ್ನ ಕರಗಿಸಿ ಗುಂಡಿ ಮಾಡತ್ತೆ. ಬೋರ್ಡಿನ ನಾಲ್ಕೂ ಬದಿ 2 ಮಿ.ಮೀ. ಅಕ್ರಿಲಿಕ್ ಪಟ್ಟಿ, ಪ್ಲೈಯಿಂದ ಮೇಲೆ 40 ಮಿ.ಮೀ., ಬೇಲಿ ಹಾಗೆ.

ಓಮ್ಸ್_ಲಾ_ಓಂಕಾರ

ವೈರಿಂಗ್. 230 ವೋಲ್ಟ್ ಬೋರ್ಡ್ ಹತ್ತಿರ ಬರಲೇಬಾರದು. ಅಡಾಪ್ಟರ್ ಗೋಡೆ ಸಾಕೆಟ್‌ನಲ್ಲೇ ಇರಲಿ, ಬೋರ್ಡಿಗೆ ಬರೋದು ಡಿಸಿ ಮಾತ್ರ. ಬಿಐಎಸ್ ಗುರುತಿರೋ 12 ವೋಲ್ಟ್ 2 ಆಂಪ್ ಅಡಾಪ್ಟರ್ ಸಾಕು, ಎನ್ ಲೋಕೋ ತಗೊಳ್ಳೋದು ಕಾಲು ಆಂಪ್ ಆಸುಪಾಸು. ಮಗ ಆಡುವಾಗ 9 ವೋಲ್ಟ್ ಅಡಾಪ್ಟರ್ ಹಾಕಿ. ನಾಬ್ ಪೂರ್ತಿ ತಿರುಗಿಸಿದ್ರೂ ರೈಲು ತಿರುವಿನಲ್ಲಿ ಹಾರಲ್ಲ.

ಅಡಾಪ್ಟರ್ ಆದಮೇಲೆ ಪಿಡಬ್ಲ್ಯೂಎಂ ಸ್ಪೀಡ್ ಕಂಟ್ರೋಲರ್ ಬೋರ್ಡ್, ಆಮೇಲೆ ಸೆಂಟರ್ ಆಫ್ ಇರೋ ಡಿಪಿಡಿಟಿ ಸ್ವಿಚ್ (ದಿಕ್ಕು ಬದಲಿಸೋ ಆರು ಕಾಲಿನದು). ಮಧ್ಯದ ಎರಡು ಕಾಲು ಹಳಿಗೆ. ಒಂದು ತುದಿಯ ಎರಡು ಕಾಲಿಗೆ ಕಂಟ್ರೋಲರ್. ಆ ಎರಡರಿಂದ ಇನ್ನೊಂದು ತುದಿಗೆ ಕತ್ತರಿ ಹಾಕಿ ವೈರ್. ಮುಂದೆ, ಹಿಂದೆ, ಮಧ್ಯ ನಿಂತಿರೋದು. ಎಲ್ಲ ಎಸ್.ಪಿ. ರೋಡಲ್ಲಿ ಒಂದೇ ಓಡಾಟಕ್ಕೆ ಸಿಗತ್ತೆ.

ಶಾರ್ಟ್ ಆದಾಗ ಕಂಟ್ರೋಲರ್ ಸುಡಬಾರದು ಅಂದ್ರೆ ಹಳಿಗೆ ಹೋಗೋ ಒಂದು ವೈರಲ್ಲಿ 12 ವೋಲ್ಟ್ 21 ವಾಟ್ ಇಂಡಿಕೇಟರ್ ಬಲ್ಬ್ ಸೀರೀಸ್ ಹಾಕಿ, ಜೆ.ಸಿ. ರಸ್ತೆಯ ಯಾವ ಆಟೋ ಸ್ಪೇರ್ಸ್ ಅಂಗಡಿಯಲ್ಲೂ ಇರತ್ತೆ. ಮಾಮೂಲಿ ಓಡುವಾಗ ಬಲ್ಬ್ ತಣ್ಣಗಿರತ್ತೆ, ಅಡ್ಡಿ ಇಲ್ಲ. ಹಳಿ ಮೇಲೆ ಸ್ಕ್ರೂಡ್ರೈವರ್ ಬಿತ್ತು ಅಂದ್ರೆ ಬಲ್ಬ್ ಉರಿಯತ್ತೆ, ಕರೆಂಟ್ 1.75 ಆಂಪ್‌ಗೆ ನಿಲ್ಲತ್ತೆ. ಎಲ್ಲೋ ಶಾರ್ಟ್ ಆಗಿದೆ ಅಂತ ಮಗನಿಗೂ ಗೊತ್ತಾಗತ್ತೆ. ಉರಿದ ಬಲ್ಬ್ ಕೈ ಸುಡತ್ತೆ, ಹೋಲ್ಡರ್ ಬೋರ್ಡಿನ ಕೆಳಗೆ, ಪ್ಲೈಗೆ ತಾಗದ ಹಾಗೆ ಇಡಿ.

ಕೆಳಗೆ ಮುಖ್ಯ ವೈರ್ ಜೋಡಿ 1 ಚದರ ಮಿ.ಮೀ., ಕೆಂಪು-ಕಪ್ಪು. ಹಳಿಗೆ ಫೀಡರ್ (ಕರೆಂಟ್ ಕೊಡೋ ವೈರ್) ಎರಡು ಕಡೆ ಕೊಡಿ, ಮುಂದಿನ ನೇರದ ಮಧ್ಯ ಒಂದು, ಯಾರ್ಡ್ ಪಾಯಿಂಟಿನ ನಾಲಿಗೆ ಕಡೆ ಒಂದು. ಹಳಿ ತುಂಡು ಜೋಡಿಸೋ ಫಿಶ್‌ಪ್ಲೇಟ್‌ಗಳು ಧೂಳು ಕೂತ ಮೇಲೆ ಕರೆಂಟ್ ಬಿಡೋದು ಕಮ್ಮಿ ಮಾಡ್ತವೆ; ಒಂದೇ ಫೀಡರ್ ಇದ್ರೆ ಎದುರು ಬದಿ ರೈಲು ನಿಧಾನ ಆಗೋದು ಅದಕ್ಕೇ.

ಒಂದು ಎಚ್ಚರಿಕೆ. ಬೇರೆ ಕಂಪನಿಯ ಎಲೆಕ್ಟ್ರೋಫ್ರಾಗ್ ಪಾಯಿಂಟ್ (ಒಳಹಳಿಗಳು ಕೂಡೋ ಜಾಗ, ಅಂದ್ರೆ ಫ್ರಾಗ್, ಕರೆಂಟ್ ಹರಿಯೋ ಲೋಹದ್ದು) ಹಾಕಿದ್ರೆ ಫ್ರಾಗ್ ಆದಮೇಲೆ ಒಳಗಿನ ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಲೇಬೇಕು. ಇಲ್ಲದಿದ್ರೆ ಪಾಯಿಂಟನ್ನ ಯಾರ್ಡ್ ಕಡೆ ಎಳೆದ ತಕ್ಷಣ ಓವಲ್ ಸುತ್ತಿ ಬಂದ ಕರೆಂಟ್ ಫ್ರಾಗ್‌ಗೆ ಉಲ್ಟಾ ಸೇರಿ ಶಾರ್ಟ್.

ಮಲ್ಲೇಶ್ವರಂ_ಗೂಡ್ಸ್_ಶೆಡ್

ಓಮ್ಸ್ ಅವರೇ, ಡಿಸಿಸಿ (ಒಂದೊಂದು ಲೋಕೋನ ಬೇರೆ ಬೇರೆಯಾಗಿ ಓಡಿಸೋ ಡಿಜಿಟಲ್ ಕಂಟ್ರೋಲ್) ಬೇಡ್ವಾ?

ಓಮ್ಸ್_ಲಾ_ಓಂಕಾರ

ಒಂದೇ ಲೋಕೋ ಓಡೋ ಬೋರ್ಡಿಗೆ ದಂಡ. ಎರಡನೇ ಲೋಕೋ ಬಂದ್ರೆ ಒಂದು ಸೈಡಿಂಗ್ ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ, ಆನ್-ಆಫ್ ಸ್ವಿಚ್ ಕೊಡಿ. ಆಫ್ ಮಾಡಿದ್ರೆ ಅಲ್ಲಿನ ಲೋಕೋ ನಿದ್ದೆ.

ವಿಜಯನಗರ_ಲೋಕಲ್

ಪಟ್ಟಿ ಹೀಗೆ ಮಾಡಿದೀನಿ, ನೋಡಿ: 249 ರೇಡಿಯಸ್ 45 ಡಿಗ್ರಿ ತುಂಡು 8, ನೇರ 248 ಆರು, 186 ನಾಲ್ಕು, 124 ಎರಡು, ನಂಬರ್ 6 ರೈಟ್ ಒಂದು, ನಂಬರ್ 4 ರೈಟ್ ಎರಡು, ಬಫರ್ ಸ್ಟಾಪ್ ಮೂರು. ಬಾಕ್ಸ್‌ಎನ್ ಎಂಟು, ಒಂದು ಡೀಸೆಲ್. ಎಲ್‌ಎಚ್‌ಬಿ ಕೈಬಿಟ್ಟೆ. ಮನೆಯವರಿಗೆ ಇನ್ನೂ ಹೇಳಿಲ್ಲ.

ಫೌಲಿಂಗ್_ಮಾರ್ಕ್

186 ಮೂರೇ ಸಾಕು, ನಾಲ್ಕನೇದರ ಜಾಗಕ್ಕೆ ಪಾಯಿಂಟ್ ಬಂತಲ್ಲ. ಬದಲಿಗೆ 62 ಎರಡು ತಗೊಳ್ಳಿ, ಯಾರ್ಡಲ್ಲಿ ಹೆಚ್ಚುಕಡಿಮೆ ಆದ್ರೆ ಕೈಗೆ ಬರತ್ತೆ. ಅಂಗಡಿಗೆ ಹೋಗೋಕೆ ಮುಂಚೆ ಎಕ್ಸ್‌ಟ್ರ್ಯಾಕ್‌ಕ್ಯಾಡ್‌ನಲ್ಲಿ ಒಮ್ಮೆ ಜೋಡಿಸಿ ನೋಡಿ, ಪುಕ್ಕಟೆ ತಂತ್ರಾಂಶ. ಸೈಡಿಂಗ್ ತುದಿಯಿಂದ ಓವಲ್ ಹಳಿ ಮಧ್ಯಕ್ಕೆ 35 ಮಿ.ಮೀ.ಗಿಂತ ಕಮ್ಮಿ ಬಂದ್ರೆ ಆ ಸೈಡಿಂಗನ್ನ ಗಿಡ್ಡ ಮಾಡಿ. ಆಮೇಲೆ ಪ್ರಿಂಟ್ ತೆಗೆದು ನಿಜ ಅಳತೇಲಿ ಪ್ಲೈ ಮೇಲೆ ಹಾಸಿ, ಖಾಲಿ ವ್ಯಾಗನ್ ಬದಲು 67 × 20 ಮಿ.ಮೀ. ರಟ್ಟಿನ ತುಂಡು ಇಟ್ಟು ಶಂಟಿಂಗ್ ಆಡಿಸಿ ನೋಡಿ. ಎಂಟು ತುಂಡು, ಮೇಲೆ ನಂಬರ್.

ವಿಜಯನಗರ_ಲೋಕಲ್

ಕೊನೇ ಪ್ರಶ್ನೆ. ನಮ್ಮದು ಮೇನ್ ರೋಡ್ ಮನೆ, ಧೂಳು ವಿಪರೀತ. ಹಳಿ ಉಜ್ಜೋಕೆ ಸ್ಯಾಂಡ್‌ಪೇಪರ್ ಆಗತ್ತಾ? ಮತ್ತೆ ಹಳಿ ಪಕ್ಕ ಜಲ್ಲಿ ಯಾವಾಗ ಹಾಕಬೇಕು?

ಒಂಬತ್ತು_ಮಿಮೀ

ಸ್ಯಾಂಡ್‌ಪೇಪರ್ ಮುಟ್ಟಬೇಡಿ. ಅದು ಮಾಡೋ ಸಣ್ಣ ಗೀರುಗಳಲ್ಲೇ ಕರಿ ಕೂತು ಹಳಿ ಇನ್ನೂ ಬೇಗ ಕೊಳೆಯಾಗತ್ತೆ. ಲಿಂಟ್ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಕಿಟಕಿ ತೆಗೆದಿಟ್ಟು, ದೇವರ ದೀಪ ಹತ್ತಿರ ಇಲ್ಲದ ಕಡೆ. ಅದೇ ಬಟ್ಟೆಯನ್ನ ಹಳಿಗೆ ಅಡ್ಡ ಹಿಡಿದು ಲೋಕೋದ ಒಂದು ಬೋಗಿ ಅದರ ಮೇಲೆ, ಇನ್ನೊಂದು ಹಳಿ ಮೇಲೆ ಇಟ್ಟು ಕರೆಂಟ್ ಕೊಟ್ರೆ ಚಕ್ರವೂ ಶುದ್ಧ. ದಿವಾನ್ ಕೆಳಗೆ ತಳ್ಳುವಾಗ ಹಳೇ ಬೆಡ್‌ಶೀಟ್ ಬೇಡ, ನೂಲು ಉದುರಿ ಆಕ್ಸಲ್‌ಗೆ ಸುತ್ಕೊಳ್ಳತ್ತೆ. ಪ್ಲಾಸ್ಟಿಕ್ ಶೀಟ್ ಹೊದಿಸಿ.

ಜಲ್ಲಿ ಕೊನೆಗೆ, ಅದೂ ಒಂದೆರಡು ತಿಂಗಳು ಓಡಿಸಿ ಎಲ್ಲೂ ಹಳಿ ತಪ್ಪಲ್ಲ ಅಂತ ಖಾತ್ರಿ ಆದಮೇಲೆ. ಯೂನಿಟ್ರ್ಯಾಕಿಗೆ ಪ್ಲಾಸ್ಟಿಕ್ ಜಲ್ಲಿ ಬೆಡ್ ಇರೋದರಿಂದ ಹಾಕದೇ ಇದ್ರೂ ನಡೆಯತ್ತೆ. ಹಾಕಿದ್ರೆ ಪಾಯಿಂಟಿನ ನಾಲಿಗೆಯಿಂದ ಎರಡೂ ಕಡೆ ಒಂದಿಂಚು ಬಿಟ್ಟು ಹಾಕಿ. ನೀರು ಬೆರೆಸಿದ ಫೆವಿಕಾಲ್ ಒಂದು ಹನಿ ನಾಲಿಗೆ ಕೆಳಗೆ ಇಳಿದ್ರೆ ಪಾಯಿಂಟ್ ಮತ್ತೆ ಅಲ್ಲಾಡಲ್ಲ.

ಬಡಗಿ_ಬಸವನಗುಡಿ

ಪಾಯಿಂಟ್ ಕೆಳಗೆ ಕಾರ್ಕ್‌ಗೆ ಅಂಟು ಹಾಕಲೂಬೇಡಿ ಮೇಡಂ, ಎರಡು ಸಣ್ಣ ಸ್ಕ್ರೂ ಅಷ್ಟೇ. ಕೆಟ್ಟರೆ ಬಿಚ್ಚಬೇಕಲ್ಲ. ಸ್ಕ್ರೂನ ಬಿಗಿಯಾಗಿ ಎಳೆದ್ರೆ ಬೆಡ್ ಬಾಗಿ ಹಳಿ ಅಂತರ ಕಿರಿದಾಗತ್ತೆ. ತಲೆ ತಾಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ.